ನಾಲ್ಕನೇ ಕಾಲಂ

ಸಿದ್ದಾಪುರದಲ್ಲಿ ಭಾನುವಾರ ಸಂತೆ.
ಹಾಗಾಗಿ ನಮ್ಮ ಸಭೆಗೆ ಬಂದವರ ಪಕ್ಕದಲ್ಲಿ
ಮಡಚಿದ ಚೀಲಗಳೂ ಕೂತು ಪ್ರಸಂಗ ಕೇಳುತ್ತವೆ.
ಹನ್ನೊಂದಾದರೆ ಒಣಮೀನಿನ ವಾಸನೆ
ಕಿಟಕಿಯಿಂದ ಬಂದು ಕೊನೆಯ ಬೆಂಚು ಹಿಡಿಯುತ್ತದೆ.
ಅದನ್ನು ಯಾರೂ ಎಬ್ಬಿಸಿ ನಿಲ್ಲಿಸಿ ಹೆಸರು ಕೇಳುವುದಿಲ್ಲ.

ಹೊಸಬರನ್ನು ಕೇಳುತ್ತೇವೆ.
"ಮೊದಲ ಸಲ ಬಂದವರು ದಯಮಾಡಿ ಎದ್ದು ನಿಲ್ಲಿ."
ನಲವತ್ತು ಜೋಡಿ ಕಣ್ಣು ಹಿಂದಕ್ಕೆ ತಿರುಗುತ್ತವೆ.
ಚಪ್ಪಾಳೆ. ಅಲ್ಲಿಗೆ ಮುಗಿಯಿತು ನಮ್ಮ ಪ್ರೀತಿ,
ಮುಂದಿನ ಕೀರ್ತನೆ ನೂರ ಹದಿನಾರು.

ಕಳೆದ ಜನವರಿ, ಹಣ್ಣು ಕೊಯ್ಲು ಜೋರಿದ್ದಾಗ,
ಹಾಗೆ ಎದ್ದು ನಿಂತವರು ಇಬ್ಬರು.
ಜುನೇಶ್ ಡಿಗಾಲ್, ಹೆಂಡತಿ ಸುಬಾಸಿನಿ,
ಒಡಿಶಾದ ಯಾವುದೋ ಗುಡ್ಡದ ಕಡೆಯವರು.
ಮಾಲ್ದಾರೆಯ ತೋಟದ ಲೈನಿನಿಂದ,
ಆನೆ ರಸ್ತೆ ಬಿಡುವವರೆಗೆ ಕಾದು, ನಡೆದು, ಜೀಪು ಹತ್ತಿ ಬಂದಿದ್ದರು.
ಅವಳ ಉಗುರಸಂದಿಯಲ್ಲಿ ಹಣ್ಣಿನ ಅಂಟು ಕಪ್ಪುಗಟ್ಟಿತ್ತು.
ಕೂತದ್ದು, ಗೊತ್ತಿಲ್ಲದೆ,
ತೀರಿಹೋದ ಡೀಕನ್ ವೇದನಾಯಗಂ ಅವರ ಜಾಗದಲ್ಲಿ.
ಅವರ ಹೆಂಡತಿ ಜ್ಞಾನಸೌಂದರಿ ಅಕ್ಕ ಒಮ್ಮೆ ನೋಡಿದರು. ಸ್ವಲ್ಪ ಸರಿದರು.
ದೂರ ಆಗಲೋ, ಜಾಗ ಬಿಡಲೋ, ತಿಳಿಯಲಿಲ್ಲ.

ಸಭೆಯ ರಿಜಿಸ್ಟರು ಬರೆಯುವವಳು ನಾನು,
ಹತ್ತೊಂಬತ್ತು ವರ್ಷದಿಂದ. ಅಕ್ಷರ ದುಂಡಗಿದೆ ಅಂತ ಕೊಟ್ಟದ್ದು,
ಬೇರೆ ಯೋಗ್ಯತೆ ಏನಿಲ್ಲ.
ಒಂದನೇ ಕಾಲಂ ಹೆಸರು. ಎರಡು, ಊರು.
ಮೂರು, ದೀಕ್ಷಾಸ್ನಾನ:
ಮುಳುಗಿಸಿದ್ದೋ ಚಿಮುಕಿಸಿದ್ದೋ ಕೇಳಲೇಬೇಕು, ನಾವು ಬ್ಯಾಪ್ಟಿಸ್ಟರು.
ನಾಲ್ಕು, ಹಿಂದಿನ ಸಭೆಯ ಪತ್ರ.

ನನ್ನ ಹರಕು ಹಿಂದಿಯಲ್ಲಿ ಕೇಳಿದೆ.
ಹೊಳೆಯಲ್ಲಿ ಅಂದ ಅವನು,
ಎದೆಯ ಮಟ್ಟಕ್ಕೆ ಅಂಗೈ ಹಿಡಿದು ಆಳ ತೋರಿಸಿದ.
ಪತ್ರ?
ಅವನು ಅವಳ ಮುಖ ನೋಡಿದ.
ಮೇಸ್ತ್ರಿಯಿಂದ ಕಲಿತ ಹತ್ತು ಹದಿನೈದು ಕನ್ನಡದ ಮಾತಿನಲ್ಲಿ
ಎರಡನ್ನು ಆಯ್ದು ಅವಳೇ ಹೇಳಿದಳು:
"ಸಭೆ ಇಲ್ಲ."
ಆಮೇಲೆ, ಬೆಂಕಿಕಡ್ಡಿ ಗೀರಿದ ಹಾಗೆ, ಗಾಳಿಯಲ್ಲಿ ಬೆರಳು.

ಹಿರಿಯರ ಕಮಿಟಿ ಕೂತಿತು. ಎರಡು ಸಲ ಕೂತಿತು.
ಪತ್ರವಿಲ್ಲದೆ ಸೇರಿಸಿಕೊಂಡರೆ
ನಾಳೆ ಯಾರು ಬೇಕಾದರೂ ಬರಬಹುದು ಎಂದರು ಒಬ್ಬರು.
"ಗೇಟಿನ ಬೋರ್ಡಲ್ಲಿ ಹಂಗೇ ಬರ್ಸಿದ್ದೀರಲ್ಲ ಸಾರ್"
ಅಂದಳು ಚೋಮಿ,
ಗುಡಿಸಲು ಬಂದವಳು, ಕಮಿಟಿಯಲ್ಲಿ ಇಲ್ಲದವಳು.

ಆ ರಾತ್ರಿ ಹಳೇ ರಿಜಿಸ್ಟರು ತೆಗೆದೆ.
ಗೆದ್ದಲು ತಿಂದು ಬಿಟ್ಟ ಪುಟದಲ್ಲಿ ನನ್ನ ಅಜ್ಜ.
ಅನ್ಬಯ್ಯ. ಸೇಲಂ ಕಡೆ. ಕೂಲಿ.
ಮೂರನೆಯದರಲ್ಲಿ "ಊರ ಕೆರೆ", ತಾರೀಖಿಲ್ಲ.
ನಾಲ್ಕನೆಯದರಲ್ಲಿ ಯಾರದೋ ಪೆನ್ನು
ಒಂದು ಚುಕ್ಕೆಯಿಟ್ಟು, ತಡೆದು, ಎದ್ದುಹೋಗಿದೆ.
ಆ ಚುಕ್ಕೆಯ ಮೇಲೆ ಮೂರು ತಲೆಮಾರು ಕೂತಿದ್ದೇವೆ,
ಫ್ಯಾನಿನ ಕೆಳಗಿನ ಒಳ್ಳೆಯ ಬೆಂಚು ಹಿಡಿದು.

ಡಿಗಾಲರ ಸಾಲಿನಲ್ಲಿ ನಾನೂ ಒಂದು ಚುಕ್ಕೆಯಿಟ್ಟೆ.
ಶಾಯಿ ಆರುವವರೆಗೆ ಊದಿದೆ.
ಕಮಿಟಿ ಇನ್ನೂ ಗಮನಿಸಿಲ್ಲ.

ಮಾರ್ಚಿನ ಹೂಮಳೆ ಬಿದ್ದ ಮರುವಾರ
ಊರೆಲ್ಲ ಬೆಳ್ಳಗೆ ಅರಳಿ ಉಸಿರೆಳೆದರೆ ತಲೆ ಸುತ್ತುವಾಗ
ಜ್ಞಾನಸೌಂದರಿ ಅಕ್ಕ ಸಂತೆಯಲ್ಲಿ
ಸುಬಾಸಿನಿಯ ಮೊಣಕೈ ಹಿಡಿದು ನಿಂತದ್ದು ಕಂಡೆ.
ಒಣಸೀಗಡಿಯ ರೇಟು ಕೇಳಿ, ನಕ್ಕು,
ನಾಲ್ಕು ಹೆಜ್ಜೆ ಹೊರಟುಹೋಗುವ ವಿದ್ಯೆ ಕಲಿಸುತ್ತಿದ್ದರು.
"ತಿರುಗಬೇಡ. ಅವನೇ ಕರೀತಾನೆ."
ಅವನೇ ಕರೆದ.

ಮೊನ್ನೆ ಅಸ್ಸಾಮಿನ ಮೂವರು ಹುಡುಗರು
ಬಾಗಿಲಲ್ಲಿ ಚಪ್ಪಲಿ ಬಿಡುವುದೋ ಬೇಡವೋ ಅಂತ ನಿಂತಿದ್ದರು.
"ಎದ್ದು ನಿಲ್ಲಿ" ಎಂಬ ಮಾತು ಇನ್ನೂ ದೂರವಿತ್ತು.
ಸುಬಾಸಿನಿ ಸರಿದಳು,
ಸರಿದು, ಖಾಲಿಯಾದ ಹಲಗೆಯನ್ನು
ಸೆರಗಿನಿಂದ ಒಮ್ಮೆ ಒರೆಸಿದಳು.

ನಾನು ರಿಜಿಸ್ಟರು ತೆರೆಯಲಿಲ್ಲ.
ಮೊದಲು ಊಟವಾಯಿತೇ ಕೇಳೋಣ ಅನ್ನಿಸಿತು.