ಕ್ಷ ಕಲಿಸುವ ಮೊದಲೇ

ಬೆಂಗ್ರೆಯ ಸಹಕಾರ ಸಂಘದ ಮಾಳಿಗೆಯಲ್ಲಿ
ಸಂಜೆ ಆರೂವರೆಗೆ ನಮ್ಮ ಶಾಲೆ.
ಕೆಳಗೆ ಬಲೆ ಹೆಣೆಯುತ್ತಾರೆ, ಮೇಲೆ ಕಾಗುಣಿತ.
ಹನ್ನೊಂದು ಹೆಂಗಸರು, ಒಬ್ಬರೇ ಗಂಡಸು ಅಬೂಬಕ್ಕರ್.
ಬೂತಾಯಿ ಹೆಕ್ಕಿದ ಬೆರಳಿಗೆ ಅಂಟಿದ ಪರೆ
ಸ್ಲೇಟಿನ ಮೇಲೆ ಮಿನುಗುತ್ತದೆ.

ಜಲಜಾಕ್ಷಿಯವರದು ಒಂದೇ ತಕರಾರು:
"ಹೆಸರು ಬರೆಯಲಿಕ್ಕೆ ಕಲಿಯುವಾ ಅಂತ ಬಂದದ್ದು ಟೀಚರ್,
ನೀವು ಕ, ಕಾ ಅಂತ ತಿಂಗಳು ಕಳೆಯುತ್ತೀರಿ.
ನನ್ನ ಅಕ್ಷರ ಯಾವಾಗ?"
ಕೊನೆಗೆ ಉಂಟು, ಳ ಆದ ಮೇಲೆ, ಎನ್ನುತ್ತಿದ್ದೆ.
"ನಮ್ಮಂಥವರದ್ದು ಯಾವಾಗಲೂ ಕೊನೆಗೇ" ಎಂದು
ಎಲೆ ಮೆಲ್ಲುತ್ತ ನಗುತ್ತಿದ್ದರು.

ಬಾಗಿಲಲ್ಲಿ ತಂಗಿಯ ಮಗ ಯತಿರಾಜ.
ಕರೆತರುವವನೂ ಅವನೇ, ಕರೆದೊಯ್ಯುವವನೂ ಅವನೇ.
ಎಂಥ ಒಳ್ಳೆ ಹುಡುಗ ಅಂದುಕೊಂಡಿದ್ದೆ,
ಮಳೆಯಿರಲಿ, ಕರೆಂಟು ಹೋಗಿರಲಿ,
ಮೊಬೈಲು ತಿಕ್ಕುತ್ತ ಮೆಟ್ಟಿಲಲ್ಲಿ ಕಾಯುತ್ತಾನಲ್ಲ!
ನಾನು ದೊಡ್ಡಮ್ಮನಿಗೆ ಕೇಳಿದ್ದಕ್ಕೆಲ್ಲ
ಉತ್ತರ ಅವನ ಬಾಯಿಂದ ಬರುತ್ತಿತ್ತು ಎಂಬುದು
ತಲೆಗೆ ಹೋಗಲು ಏಳು ವಾರ ಬೇಕಾಯಿತು.

ಅಂಕಿಗಳ ಪಾಠಕ್ಕೆ ಪಾಸ್‌ಬುಕ್ ತನ್ನಿ ಎಂದಿದ್ದೆ.
ಅವರು ತರಲಿಲ್ಲ. ಅವನ ಹತ್ತಿರ ಉಂಟು, ಎಂದರು.
ಕಾರ್ಡೂ. ಪಿಂಚಣಿಯ ಮೆಸೇಜು ಬರುವ ಫೋನೂ.
ಸೊಸೈಟಿಯ ಕಾಗದಕ್ಕೆ ಎರಡು ಸಲ ಹೆಬ್ಬೆಟ್ಟು ಒತ್ತಿದ ನೆನಪುಂಟು,
ಸಾಲದ ದುಡ್ಡು ಕಂಡ ನೆನಪಿಲ್ಲ.
ಬಳಪ ಹಿಡಿದ ಕೈಯ ಮಣಿಕಟ್ಟಿನಲ್ಲಿ
ಬಳೆ ಇರಬೇಕಾದಲ್ಲಿ ನೀಲಿ.
"ಐಸ್ ಡಬ್ಬಿ ತಾಗಿದ್ದು. ಯಾರಿಗೂ ಹೇಳಬೇಡಿ, ಆಯ್ತಾ?"

ಡಬ್ಬಿ ತಾಗಿದ್ದಕ್ಕೆ ಯಾರು ಗುಟ್ಟು ಕೇಳುತ್ತಾರೆ?

ಆಯ್ತು ಎನ್ನುವುದು ಸುಲಭ.
ಹೋದ ವರ್ಷ ಸೆವ್ರಿನ್ ಬಾಯಿಗೆ ಹಾಗೇ ಅಂದಿದ್ದೆ.
ಗುಟ್ಟು ಕಾಪಾಡಿದೆ, ಅವರನ್ನಲ್ಲ.
ಆಗಸ್ಟಿನಿಂದ ಹಾಜರಿ ಪುಸ್ತಕದಲ್ಲಿ ಅವರ ಸಾಲು
ಸೊನ್ನೆ, ಸೊನ್ನೆ, ಸೊನ್ನೆ, ಬಲೆಯ ಕಣ್ಣಿನ ಹಾಗೆ,
ಅವರು ಅದರಲ್ಲೇ ಜಾರಿಹೋದರು.

"ಆ ಹುಡುಗನಿಗೊಂದು ಚಹಾ ಕುಡಿಸಿ" ಎಂದೆ ಅಬೂಬಕ್ಕರರಿಗೆ.
ಮುದುಕರು ಒಂದೂ ಕೇಳಲಿಲ್ಲ. ಕೆಳಗೆ ಕರೆದುಕೊಂಡು ಹೋಗಿ
ತಮ್ಮ ದೋಣಿ ಮಗುಚಿದ ಕತೆಯನ್ನು ಮುಕ್ಕಾಲು ಗಂಟೆ ಹೇಳಿದರು.

"ಆ ಮಾತು ಕೊಡಲಾರೆ ಜಲಜಕ್ಕ.
ನಾನು ಹೇಳಲೇಬೇಕಾದವರು ಒಬ್ಬರಿದ್ದಾರೆ, ಫ್ಲೇವಿ ಮೇಡಂ.
ಎಂತ ಹೇಳುತ್ತೇನೆ ಅಂತ ಮೊದಲು ನಿಮಗೇ ಹೇಳುತ್ತೇನೆ.
ನಿಮಗೆ ಎಂತ ಬೇಕು?"

ಐವತ್ತೆಂಟು ವರ್ಷ. ಆ ಪ್ರಶ್ನೆಯನ್ನು ಅವರು
ಕಿವಿರು ಎತ್ತಿ ಮೀನು ನೋಡುವ ಹಾಗೆ
ತಿರುಗಿಸಿ ತಿರುಗಿಸಿ ನೋಡಿದರು.
"ಪೊಲೀಸು ಬೇಡ. ಎತ್ತಿ ಆಡಿಸಿದ್ದು ನಾನೇ.
ಪುಸ್ತಕ ನನ್ನ ಚೀಲದಲ್ಲಿ ಇರಬೇಕು.
ಮತ್ತೆ, ಶಾಲೆ ತಪ್ಪಬಾರದು."

ಗುರುವಾರ ಮೇಡಂ ಬಂದರು, ಫಾರ್ಮು ಹಿಡಿದು.
ನಾನು ತುಂಬಲು ಹೊರಟರೆ ಜಲಜಕ್ಕ ಎಳೆದುಕೊಂಡು
ಬೆರಳಿಟ್ಟು ಓದಿದರು:
"ಪೀ... ಡಿ... ತೆ... ಯ ಹೆಸರು.
ಇದು ಯಾರು? ನಮ್ಮ ಕ್ಲಾಸಿನವಳಾ?"

ಕಡವಿನಲ್ಲಿ ಫೆರಿ ಕೂಗಿತು.
ಅರ್ಥ ಹೇಳಿದೆ. ಆ ಪದಕ್ಕೆ ಅಡ್ಡಗೆರೆ ಎಳೆದು
ಬರೆದರು: ಜಲಜಾ
ಅಲ್ಲಿಗೆ ಪೆನ್ನು ನಿಂತಿತು.

ಳ ಇನ್ನೂ ದಾಟಿರಲಿಲ್ಲ ನಾವು.
ಫಾರ್ಮಿನ ಅಂಚಿನಲ್ಲೇ ಕಲಿಸಿದೆ.
ಕ ಬರೆಯಿರಿ, ಅಡಿಯಲ್ಲಿ ಷ, ಗಾಳದ ಹಾಗೆ ನೇತಾಡಲಿ.
ರಕ್ಷಣೆಯಲ್ಲೂ ಇದೇ, ಸಾಕ್ಷಿಯಲ್ಲೂ ಇದೇ.
"ಕ್ಷಮೆಯಲ್ಲಿ?" ಹೌದು.
"ಶಿಕ್ಷೆಯಲ್ಲಿ?" ಅದರಲ್ಲೂ.
ಅಕ್ಷರ ಅನ್ನುವುದರ ಹೊಟ್ಟೆಯಲ್ಲೇ ಉಂಟು.
"ಒಂದಕ್ಕೇ ಇಷ್ಟು ಕೆಲಸವಾ ಮಾರಾಯ್ತಿ!"
ನಾಲ್ಕು ಸಲ ಬರೆದರು, ನಾಲ್ಕೂ ವಾರೆ.
ಐದನೆಯದನ್ನು ಹೆಸರಿಗೆ ಸೇರಿಸಿದರು.
ಗಾಳ ಸ್ವಲ್ಪ ದೊಡ್ಡದೇ ಆಯಿತು.

ಪಾಸ್‌ಬುಕ್ ಇನ್ನೂ ಬಂದಿಲ್ಲ. ಬ್ಯಾಂಕಿನವರು ಸೋಮವಾರ ಎಂದಿದ್ದಾರೆ.
ಯತಿರಾಜ ಮೆಟ್ಟಿಲಲ್ಲಿಲ್ಲ, ರಸ್ತೆಯ ಆಚೆ ನಿಲ್ಲುತ್ತಾನೆ.
ನನಗೆ ಹೆದರಿಕೆ ಉಂಟು, ಸುಳ್ಳು ಯಾಕೆ.
ತಿರುಗಿ ಹೋಗುವ ಫೆರಿಯಲ್ಲಿ ಹಾಜರಿ ಪುಸ್ತಕ ತೆರೆದು
ಸೆವ್ರಿನ್ ಬಾಯಿಯ ಸಾಲಿನಲ್ಲಿ ಇವತ್ತಿನ ಖಾನೆಗೆ
ಸೊನ್ನೆ ಹಾಕದೆ ಬಿಟ್ಟಿದ್ದೇನೆ.
ಬಜ್ಪೆಯಲ್ಲಿ ಅವರ ತಂಗಿ ಇದ್ದಾರಂತೆ.
ಭಾನುವಾರ, ಇಗರ್ಜಿಯ ಪೂಜೆ ಬಿಡುವ ಹೊತ್ತಿಗೆ,
ಹೋಗಬೇಕು.