ಎರಡು ಮೊಳ

ಬೆಳಗಿನ ಐದೂವರೆಗೆ ಕುಳಿ ಜಾಗ ಬದಲಿಸುತ್ತದೆ.
ಬದಲಿಸುವವಳು ನಾನು, ವೈಜಯಂತಿ ತಾಂಡೇಲ,
ಬಿಣಗಾದವಳು, ನೌಕಾನೆಲೆಯ ಗಾಲ್ಫ್ ಮೈದಾನದಲ್ಲಿ ದಿನಗೂಲಿ.
ಕಬ್ಬಿಣದ ಕೊಳವೆಯನ್ನು ಹುಲ್ಲಿಗೊತ್ತಿ ತಿರುವಿ
ಮಣ್ಣನ್ನು ಕೊಟ್ಟೆ ಕಡುಬಿನ ಹಾಗೆ ಇಡಿಯಾಗಿ ಎತ್ತುತ್ತೇನೆ,
ನಿನ್ನೆಯ ಬಾಯಿಗೆ ಅದನ್ನೇ ತುರುಕಿ ಮುಚ್ಚುತ್ತೇನೆ.
ಅಂಗೈ ಅಗಲ. ಗೇಣಿಗೆ ಎರಡು ಬೆರಳು ಕಮ್ಮಿ ಆಳ.
ಇಷ್ಟೇ. ಇಷ್ಟಕ್ಕೇ ಗಂಡಸರು ಬೆವರುತ್ತಾರೆ.

ಕಮಾಂಡರ್ ದೇವಸ್ಸಿಯವರನ್ನೇ ನೋಡಿ.
ಆಷಾಢದ ರಾತ್ರಿ, ದಡದ ದೀಪವೂ ಕಾಣದ ಮಳೆಯಲ್ಲಿ
ಹಡಗನ್ನು ಒಳಗೆ ತಂದು ನಿಲ್ಲಿಸಿದ ಕೈ ಅದು, ಎನ್ನುತ್ತಾರೆ.
ಆ ಕೈಗೆ ಎರಡು ಮೊಳ ದಾಟಲಾಗುವುದಿಲ್ಲ.
ನೂರು ಮಾರು ಚೆಂಡು ಹಾರಿಸಿ ನಗುತ್ತ ಬರುತ್ತಾರೆ,
ಕತ್ತರಿಸಿದ ಹಸಿರಿನ ಮೇಲೆ ಕಾಲಿಟ್ಟದ್ದೇ
ಔಷಧಿ ಅಂಗಡಿಯ ಸಾಲಿನಲ್ಲಿ ನಿಂತವರ ಮುಖ.

ಕೂರುತ್ತಾರೆ, ಏಳುತ್ತಾರೆ, ಆಚೆ ಹೋಗಿ ಈಚೆ ನೋಡುತ್ತಾರೆ,
ಕೋಲನ್ನು ತೂಗುಬಿಟ್ಟು ಒಂದು ಕಣ್ಣು ಮುಚ್ಚುತ್ತಾರೆ.
"ವೈಜಾ, ಇಳುಕಲು ಯಾವ ಕಡೆ?"
"ಸಮುದ್ರದ ಕಡೆ ಸರ್. ಇಲ್ಲಿ ಎಲ್ಲವೂ ಸಮುದ್ರದ ಕಡೆಗೇ."
ತಲೆಯಾಡಿಸಿ ಹೊಡೆಯುತ್ತಾರೆ.
ಹೊಡೆಯುವುದಲ್ಲ ಅದು,
ಬಿಸಿ ಪಾತ್ರೆ ಮುಟ್ಟಿದವರ ಮಣಿಕಟ್ಟು ಸೆಟೆಯುತ್ತದಲ್ಲ, ಅದು.
ಚೆಂಡು ಕುಳಿಯ ಅಂಚು ನೆಕ್ಕಿ ಆಚೆ.
ಜೊತೆಯವರು ಯಾರೂ ಏನೂ ಅನ್ನುವುದಿಲ್ಲ.
ಅದೇ ಕಷ್ಟ.

ನನ್ನಪ್ಪ ಕಾಳಿಯ ಅಳಿವೆಯಲ್ಲಿ ಬೀಸುಬಲೆ ಎಸೆಯುತ್ತಿದ್ದ.
ಮೀನು ಮಿಂಚುವುದಕ್ಕೂ ಬಲೆ ಅರಳುವುದಕ್ಕೂ ನಡುವೆ
ಒಂದು ಅನುಮಾನ ಹಿಡಿಸುವಷ್ಟು ಜಾಗವಿರಲಿಲ್ಲ.
ಓಡುವುದರ ಜೊತೆ ಕೈಯೂ ಓಡಿಬಿಡುತ್ತದೆ.
ಈ ಚೆಂಡು ಓಡುವುದಿಲ್ಲ.
ಸಾಲ ಕೊಟ್ಟವನು ಜಗಲಿಗೆ ಬಂದು ಕೂತ ಹಾಗೆ
"ಅವಸರವಿಲ್ಲ, ನಿಧಾನಕ್ಕೆ" ಎನ್ನುತ್ತ ಕಾಯುತ್ತದೆ.

ನನಗೆ ನಗು ಬರುತ್ತಿತ್ತು, ಸುಳ್ಳೇಕೆ.
ಸಂಜೆ ಎಲ್ಲರೂ ಹೋದ ಮೇಲೆ
ಪೊದೆಯಲ್ಲಿ ಸಿಕ್ಕ ಚೆಂಡು, ಮೂಲೆಗೆಸೆದ ಹಳೆಯ ಕೋಲು,
ಒಂದು ಕೈಯಲ್ಲಿ ನೀರಿನ ಪೈಪು, ಇನ್ನೊಂದರಲ್ಲಿ ತಳ್ಳಿದರೆ
ಟೊಳಕ್. ಮತ್ತೆ, ಟೊಳಕ್.
ಹತ್ತಕ್ಕೆ ಒಂಬತ್ತು,
ಮನೆಯಲ್ಲಿ ಹುಳಿಗೆ ಏನಿದೆ ಎಂದು ಯೋಚಿಸುತ್ತಲೇ.

ಆ ಗುರುವಾರ ಮಾತ್ರ
ತಂಗಿ ಸುನಯನಾಳ ಗಂಟಿನ ರಿಪೋರ್ಟು
ಮರುದಿನ ಮಣಿಪಾಲದಿಂದ ಬರುವುದಿತ್ತು.
ಕೋಲು ಹಿಡಿದವಳಿಗೆ ಎಲ್ಲಿಂದಲೋ ಒಂದು ಮಾತು ಬಂತು:
ಇದು ಬಿದ್ದರೆ ಅದೂ ಒಳ್ಳೆಯದೇ ಇರುತ್ತದೆ.

ಅಂದದ್ದೇ ತಡ, ಕುಳಿ ಕುಂಕುಮದ ಬೊಟ್ಟಿನಷ್ಟಾಯಿತು.
ನಾನೇ ಕೊರೆದ ಕುಳಿ, ನಾನೇ ಕತ್ತರಿಸಿದ ಹುಲ್ಲು,
ನೀರು ಬಿಟ್ಟು ಬಿಟ್ಟು ಅಂಗಾಲಿಗೆ ಬಾಯಿಪಾಠವಾದ ಇಳುಕಲು
ಎಲ್ಲ ಬೇರೆಯವರದಾಯಿತು.
ಹೆಬ್ಬೆರಳು ಎಲ್ಲಿಡಬೇಕು? ಉಸಿರು ಒಳಗೋ, ಹೊರಗೋ?
ಬಲಗೈ ಎನ್ನುವುದು ನನ್ನ ಪಕ್ಕ ನಿಂತ ಇನ್ನೊಬ್ಬ ಹೆಂಗಸು.
ನಾನು ಹೇಳಿಕೊಡುತ್ತಿದ್ದೆ,
ಅವಳು ಹೂಂಗುಡುತ್ತಿದ್ದಳು, ಕೇಳಿಸಿಕೊಳ್ಳುತ್ತಿರಲಿಲ್ಲ.
ದೇವಗಡದ ದೀಪ ಒಂದು ಸುತ್ತು ಬಂದು ಹೋಯಿತು.
ಇನ್ನೊಂದು ಸುತ್ತು.
ಪೈಪಿನ ನೀರು ಚಪ್ಪಲಿ ದಾಟಿ ಹರಿಯುತ್ತಿತ್ತು.

ಕೋಲನ್ನು ಹುಲ್ಲಿನ ಮೇಲೆ ಮಲಗಿಸಿದೆ.
ಚೆಂಡನ್ನು ಎತ್ತಿ, ಸೆರಗಿಗೆ ಒರೆಸಿ,
ಬಗ್ಗಿ ಕುಳಿಯೊಳಗೆ ಇಟ್ಟೆ.
ಇದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಯಾರನ್ನು ಕೇಳುವುದು?

ಬೆಳಿಗ್ಗೆ ತುಂಬ ಹೊತ್ತು ಕಾಲಾಡಿಸಿ
ಮೈದಾನದ ಅತಿ ಮಟ್ಟಸ ಜಾಗ ಹುಡುಕಿ ಕೊರೆದೆ.
ಮೇಸ್ತ್ರಿ ನೋಡಿದ್ದರೆ ಬೈಯುತ್ತಿದ್ದ.
ಕಮಾಂಡರ್ ಬಂದರು. ಕೂತರು, ಎದ್ದರು.
"ವೈಜಾ, ಯಾವ ಕಡೆ?"
"ನೇರ ಇದೆ ಸರ್."
ಬಾವುಟ ಕಿತ್ತು ಹಿಡಿದು, ಅವರ ಕೈ ನೋಡದೆ
ಹೊರಟ ಬೋಟುಗಳನ್ನು ಎಣಿಸುತ್ತ ನಿಂತೆ,
ಹನ್ನೊಂದು, ಹನ್ನೆರಡು,
ಸೀರೆಯ ಮೇಲಿನ ಅಂಗಿಯ ಜೇಬಿನಲ್ಲಿ
ಫೋನು ಇನ್ನೂ ಸುಮ್ಮನಿತ್ತು.