ಸಂಖ್ಯೆ ಇಲ್ಲ

ಮನೌಸಿನಿಂದ ಎರಡು ರಾತ್ರಿ ದೋಣಿಯ ಜೋಲಿಯಲ್ಲಿ ತೂಗಿ
ತೆಫೆಗೆ ಬಂದಿಳಿದೆ. ಎದೆಗವಚಿದ ಪೆಟ್ಟಿಗೆಯಲ್ಲಿ
ಬಿಲ್ಲಿನ ಯಂತ್ರ, ಅಂಗೈಯಗಲದ ಪ್ರಿಂಟರು,
ತೇವ ತಾಗದಿರಲೆಂದು ಅಕ್ಕಿಯೊಳಗೆ ಹೂತಿಟ್ಟ ಕಾಗದದ ಸುರುಳಿ.

ದೇವುಸಿಮಾರನ ಅಂಗಡಿ ನೆಲದ ಮೇಲಿಲ್ಲ.
ಹದಿನಾಲ್ಕು ದಿಮ್ಮಿಗಳ ಮೇಲೆ ತೇಲುತ್ತದೆ,
ಸಾಬೂನು, ಗಾಳದ ದಾರ, ಮರಗೆಣಸಿನ ಹಿಟ್ಟು,
ತೂಗುಬಿಟ್ಟ ಬಾಳೆಗೊನೆ ಸಮೇತ.
ಯಾರು ಒಳಬಂದರೂ
ತುಸು ಬಾಗುತ್ತದೆ.

ಮೊದಲ ಖಾನೆ, ವಿಳಾಸ.
ಬೀದಿ ಯಾವುದು? ಕೆರೆ, ಎಂದ.
ಕಟ್ಟಡದ ಸಂಖ್ಯೆ? ನಕ್ಕ.
ನೀರು ಇಳಿದರೆ ಅಂಗಡಿ ಅಗೋ ಆ ಮರಳುದಿಣ್ಣೆಯಾಚೆ,
ಏರಿದರೆ ಇಲ್ಲಿ, ಇಗರ್ಜಿಯ ಮೆಟ್ಟಿಲ ಬುಡಕ್ಕೆ.
ಯಾವುದನ್ನು ಬರೆಯುತ್ತೀ, ಬರಿ.
'ಸಂಖ್ಯೆ ಇಲ್ಲ' ಎಂದು ಒತ್ತಿದೆ.
ಒಪ್ಪಿತು. ಸಂಖ್ಯೆ ಇಲ್ಲದವರಿಗೂ
ಅದರಲ್ಲೊಂದು ಗುಂಡಿ ಉಂಟು.

ಆಮೇಲೆ ಸರಕು. ಒಂದೊಂದಕ್ಕೂ ಎಂಟಂಕಿಯ ಸಂಕೇತ,
ಮೊಳೆಗೊಂದು, ಮೊಟ್ಟೆಗೊಂದು.
ಅವನು ಕೂಗಿದ, ನಾನು ಕುಟ್ಟಿದೆ, ಮಧ್ಯಾಹ್ನ ಮುಗಿಯಿತು.
'ಇದು ಹಿಟ್ಟು. ಇದೂ ಹಿಟ್ಟೇ,
ಆದರೆ ಇದನ್ನು ಹುರಿದವಳು ನನ್ನ ಅತ್ತೆ.'
ಅದಕ್ಕೆ ಸಂಕೇತವಿರಲಿಲ್ಲ.

ಗಲ್ಲಾಪೆಟ್ಟಿಗೆಯಡಿ ಸಾಲದ ಪುಸ್ತಕ,
ಎಣ್ಣೆ ಕುಡಿದು, ನೀರು ಕುಡಿದು ಉಬ್ಬಿದ್ದು.
ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ;
ಪುಟ ತಿರುವಿದೆ, ಕೋಡಂಗಿಯ ಅಕ್ಷರ ಬಲು ದುಂಡಗಿತ್ತು.
ಕೆಲವು ಹೆಸರುಗಳ ಮೇಲೆ ಗೀಟು.
ತೀರಿಸಿದವರೋ, ತೀರಿಹೋದವರೋ,
ಗೀಟು ಒಂದೇ.

ನಾಲ್ಕೂವರೆಗೆ ಫ್ರಾನ್ಸಿನೆಟೆ ದೋಣಿ ಕಟ್ಟಿದಳು.
ಅರ್ಧ ಕಿಲೋ ಸಕ್ಕರೆ, ಎರಡು ಬ್ಯಾಟರಿ.
ನಾನು ಕಲಿಸಿದಂತೆಯೇ, ಪರೀಕ್ಷೆಗೆ ನಿಂತ ಹುಡುಗನ ದನಿಯಲ್ಲಿ
ಕೇಳಿದ ದೇವುಸಿಮಾರ:
'ರಸೀದಿಯ ಮೇಲೆ ತಮ್ಮ ತೆರಿಗೆ ನಂಬರು ಹಾಕಲೇ?'
ಮೂವತ್ತು ವರ್ಷ ಅವಳನ್ನು ನೀನು, ತಾನು ಎಂದವನು.
ಅವಳು ಸೆರಗಿಲ್ಲದ ಕೈ ಒರೆಸಲು ಲಂಗವನ್ನೇ ಹಿಡಿದು
ಕಣ್ಣು ಮುಚ್ಚಿ ಒಪ್ಪಿಸಿದಳು,
ಮೂರು, ಮೂರು, ಮೂರು, ಕೊನೆಗೆ ಎರಡು.

ಆ ಕೊನೆಯೆರಡು ಅಂಕಿ ಸಾಕ್ಷಿಗಳು.
ಮೊದಲ ಒಂಬತ್ತನ್ನು ಗುಣಿಸಿ, ಕೂಡಿ, ಹನ್ನೊಂದರಿಂದ ಭಾಗಿಸಿದರೆ
ತಾಳೆ ಬೀಳಬೇಕು.
ಬಿತ್ತು. ಹಸಿರು ಮಿಂಚಿತು. ಕಾಗದ ನಾಲಗೆ ಚಾಚಿತು.

ಅವಳ ಹುಟ್ಟಿನ ಸದ್ದು ಸವೆದ ಮೇಲೆ ಅವನೆಂದ:
'ಅದು ಓಸ್ಮರೀನೊನ ನಂಬರು.
ಬಲೆಯ ಸಾಲ, ದೋಣಿಯ ಲೈಸೆನ್ಸು, ಎಲ್ಲಕ್ಕೂ
ಇವಳೇ ಬರೆದು ಬರೆದು ಬಾಯಿಪಾಠ.
ತನ್ನದು ಬರುವುದಿಲ್ಲ.
ಅವನು ನೀರುಪಾಲಾಗಿ ಇದು ಮೂರನೆಯ ನೆರೆ.'

ಅಷ್ಟರಲ್ಲಿ ಮೋಡ ಕವಿದು ಉಪಗ್ರಹ ಕಾಣೆಯಾಯಿತು.
ಅದಕ್ಕೂ ದಾರಿ ಮಾಡಿದ್ದೇನೆ: ಸಂಪರ್ಕ ತಪ್ಪಿದರೆ
ರಸೀದಿ ಕೊಡು, ಲೆಕ್ಕ ಆಮೇಲೆ ಒಪ್ಪಿಸು.
ಏಳು ಬಿಲ್ಲು ಸಾಲಾಗಿ ಕೂತವು,
ಅಕ್ಕಿ, ಗಾಳ, ಸಕ್ಕರೆ ಮತ್ತು ಬ್ಯಾಟರಿ.
ರದ್ದು ಮಾಡುವ ಗುಂಡಿ ನನ್ನ ಬೆರಳಿನಡಿಯೇ ಇತ್ತು.
ನಾನು ಬರೆದದ್ದು ಗಣಿತ, ಗಣಿತ ತಪ್ಪಿರಲಿಲ್ಲ,
ಎಂದುಕೊಂಡೆ. ಸೊಳ್ಳೆ ಹೊಡೆದುಕೊಂಡೆ.

ನಡುರಾತ್ರಿ ಕಳೆದು ಎರಡೂ ಹತ್ತಕ್ಕೆ ಸಿಗ್ನಲ್ಲು ಮರಳಿತು.
ದೂರದ ಯಾವುದೋ ತಂಪು ಕೋಣೆಯ ಸರ್ವರು
ಓಸ್ಮರೀನೊ ಸಕ್ಕರೆ ಕೊಂಡನೆಂದು ಮಾನ್ಯ ಮಾಡಿತು.

ಬೆಳಿಗ್ಗೆ ನೋಡುತ್ತೇನೆ, ಉಬ್ಬಿದ ಪುಸ್ತಕ ತೆರೆದಿದೆ,
ಪೆನ್ಸಿಲ್ಲಿನಲ್ಲಿ ಹೊಸ ಸಾಲು:
ಫ್ರಾನ್ಸಿನೆಟೆ, ಅರ್ಧ ಕಿಲೋ, ಎರಡು. ಶನಿವಾರ ಕೊಡುತ್ತಾಳೆ.
'ಯಂತ್ರ ಸರಿಯಿಲ್ಲವೇ?' ಎಂದೆ.
'ಸರಿಯಿದೆ,' ಎಂದ, 'ಬಾ, ಹಗ್ಗ ಹಿಡಿ.
ನೀರು ಒಂದು ಗೇಣು ಇಳಿದಿದೆ,
ಅಂಗಡಿಯನ್ನು ಸ್ವಲ್ಪ ಆಚೆ ತಳ್ಳಬೇಕು.'